ಜಾಕಿನ ಕಾಲಿಗೊಂದು ಚಕ್ರ

ಅಣ್ಣಮ್ಮನ ಉತ್ಸವವಿರಲಿ, ರಾಜ್ಯೋತ್ಸವದ ಆರ್ಕೆಸ್ಟ್ರಾ ಇರಲಿ, ಪೆಂಡಾಲಿಗಿಂತ ಮೊದಲು ಅಡ್ಡರಸ್ತೆಗೆ ಬರುವುದು ಜನರೇಟರ್ ಗಾಡಿ. ಎರಡು ಚಕ್ರದ ಟ್ರೇಲರ್, ಅದರ ಮೇಲೆ ಡೀಸೆಲ್ ಎಂಜಿನ್, ಮುಂದೆ ಉದ್ದನೆಯ ಮೂಕಿ. ಎಳೆದು ತಂದ ವಾಹನ ಬಿಚ್ಚಿಕೊಂಡು ಹೊರಟುಹೋದರೆ ಅದನ್ನು ಸಂದಿಗೆ ತಳ್ಳುವ ಕೆಲಸ ಹುಡುಗರದು. ಇಬ್ಬರು ಮೂಕಿ ಎತ್ತಿ ಹಿಡಿಯಬೇಕು, ಇಬ್ಬರು ಹಿಂದಿನಿಂದ ದೂಡಬೇಕು. ಸೊಂಟ ಹಿಡಿದುಕೊಳ್ಳುವುದು ಆಗಲೇ. ಮಲ್ಲತ್ತಹಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಇದಕ್ಕೊಂದು ಚಕ್ರ ಕೂರಿಸಿಕೊಡುತ್ತಾರೆಂದು ಕೇಳಿ, ಅದನ್ನು ನೋಡಲೆಂದೇ ಹೋದೆ.

ಅಚ್ಚಿನ ಮುಂಭಾಗಕ್ಕೆ ಭಾರ ಸ್ವಲ್ಪ ಹೆಚ್ಚಿಗೆ ಬೀಳುವಂತೆ ಟ್ರೇಲರ್ ಕಟ್ಟುವುದು ಬೇಕೆಂದೇ. ಹಿಂದೆ ಭಾರವಾದರೆ ಮೂಕಿ ಹಗುರಾಗಿ, ವೇಗದಲ್ಲಿ ಟ್ರೇಲರ್ ಅತ್ತಿತ್ತ ಬಾಲ ಬೀಸುತ್ತದೆ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲಿರಬೇಕೆಂಬುದು ಸಾಮಾನ್ಯ ಲೆಕ್ಕ. 800 ಕೆ.ಜಿ. ಟ್ರೇಲರಾದರೆ 80ರಿಂದ 120 ಕೆ.ಜಿ. ರಸ್ತೆಯಲ್ಲಿ ಕಾಯುವ ಈ ಭಾರವೇ ಬಿಚ್ಚಿದ ಮೇಲೆ ಹುಡುಗರ ಕೈಗೆ ಬೀಳುತ್ತದೆ.

ಮೂಕಿಯ ಕೆಳಗೆ ತಿರುಪಿನ ಜಾಕು ಇರುತ್ತದೆ, ನಿಜ. ಆದರೆ ಅದರ ಕಾಲಿಗಿರುವುದು ಚಪ್ಪಟೆ ತಗಡು. ಅದು ಎತ್ತುತ್ತದೆ, ಉರುಳುವುದಿಲ್ಲ. ಶೆಡ್ಡಿನ ಮೇಸ್ತ್ರಿ ಆ ತಗಡನ್ನು ಕತ್ತರಿಸಿ, ಅಲ್ಲಿ ಕವೆಯಂಥ ಪಟ್ಟಿಯಲ್ಲಿ ಆರಂಗುಲದ ಗಟ್ಟಿ ರಬ್ಬರ್ ಚಕ್ರ ಕೂರಿಸುತ್ತಾರೆ. ಗಾಳಿ ಟೈರು ಮಣ್ಣಿನಲ್ಲಿ ಹೂತುಕೊಳ್ಳುವುದು ಕಡಿಮೆ, ಆದರೆ ತಿಂಗಳುಗಟ್ಟಲೆ ನಿಂತರೆ ಗಾಳಿ ಇಳಿದಿರುತ್ತದೆ ಎನ್ನುವುದು ಅವರ ಅನುಭವ. ಚಕ್ರದ ನಡು ಜಾಕಿನ ಕೊಳವೆಯ ನೇರಕ್ಕೆ ಬರುವುದೇ ಇಲ್ಲ, ಒಂದೆರಡು ಅಂಗುಲ ಪಕ್ಕಕ್ಕಿರುತ್ತದೆ. ತಳ್ಳಿದ ದಿಕ್ಕಿಗೆ ಚಕ್ರ ತಾನೇ ತಿರುಗಿಕೊಳ್ಳುವ ಗುಟ್ಟು ಅಷ್ಟೇ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದೂ ಅದೇ.

ಚಕ್ರ ಬಂದರೆ ಜಾಕಿನ ಎತ್ತರ ಹೆಚ್ಚುತ್ತದೆ, ಮೂಕಿ ಕೊಕ್ಕೆಯ ಮಟ್ಟಕ್ಕೆ ಇಳಿಯುವುದಿಲ್ಲ. ಆದ್ದರಿಂದ ಕೊಳವೆಯನ್ನೂ ಅಷ್ಟೇ ಗಿಡ್ಡ ಮಾಡಬೇಕು. ಓಡುವಾಗ ಹಂಪಿಗೆ ತಾಗದಂತೆ ಇಡೀ ಜಾಕು ಪಕ್ಕಕ್ಕೆ ಮಡಚಿ ಪಿನ್ನು ಹಾಕುವಂತಿರಬೇಕು. ಜಿ.ಐ. ಪೈಪಾದರೆ ಮೇಲಿನ ಸತುವಿನ ಲೇಪ ಉಜ್ಜಿ ತೆಗೆಯದೆ ಅವರು ಬೆಸುಗೆ ಹಾಕುವುದಿಲ್ಲ, ಆ ಹೊಗೆ ಜ್ವರ ತರಿಸುತ್ತದೆ. ಕೊನೆಗೆ ಗಿರಾಕಿಗೆ ಒಂದೇ ಮಾತು: ತಗಡಿನ ಕಾಲು ನೆಲ ಕಚ್ಚಿ ನಿಲ್ಲುತ್ತಿತ್ತು, ಚಕ್ರ ನಿಲ್ಲುವುದಿಲ್ಲ. ಎರಡೂ ಟೈರಿಗೆ ಕಲ್ಲು ಕೊಡದೆ ಕೊಕ್ಕೆಯ ಪಿನ್ನು ತೆಗೆಯಬೇಡಿ.

ಶೆಡ್ಡಿನ ಪಕ್ಕದ ಹಿರಿಯರೊಬ್ಬರ ನೆನಪಿನಲ್ಲಿ ಮಲ್ಲತ್ತಹಳ್ಳಿ ಹೊಲ, ಕೆರೆ, ಎತ್ತಿನ ಗಾಡಿಗಳ ಊರು. ಎತ್ತು ಬಿಚ್ಚಿದರೆ ಮೂಕಿಗೆ ಒಂದು ಕೋಲು ಆಸರೆ ಕೊಡುತ್ತಿದ್ದರಂತೆ. 1964ರಲ್ಲಿ ಶುರುವಾದ ಬೆಂಗಳೂರು ವಿಶ್ವವಿದ್ಯಾಲಯ ಆಮೇಲೆ ಪಕ್ಕದ ಜ್ಞಾನಭಾರತಿಗೆ ಬಂತು. ಅಂಬೇಡ್ಕರ್ ತಾಂತ್ರಿಕ ಕಾಲೇಜು ಬಂತು, ಕಲಾಗ್ರಾಮ ಬಂತು. ಹೊಲಗಳು 30–40ರ ಸೈಟುಗಳಾದವು. ಮನೆ ಕಟ್ಟುವ ಕಾಲದಲ್ಲಿ ಗೇಟು, ಗ್ರಿಲ್ಲು ಮಾಡಲು ಹುಟ್ಟಿಕೊಂಡ ಶೆಡ್ಡುಗಳಲ್ಲಿ ಇದೂ ಒಂದು.

2005ರಲ್ಲಿ ಟಾಟಾ ಏಸ್ ಬಂದಮೇಲೆ ಸಣ್ಣ ಜನರೇಟರುಗಳು ಅದರ ಬೆನ್ನೇರಿದವು, ಟ್ರೇಲರ್ ಕೆಲಸ ಕಡಿಮೆಯಾಯಿತು. ಉಳಿದಿರುವವು ದೊಡ್ಡ ಜನರೇಟರು, ಕಾಂಕ್ರೀಟ್ ಮಿಕ್ಸರು, ಬಂಡೆ ಒಡೆಯುವ ಕಂಪ್ರೆಸರು. ಇವುಗಳನ್ನು ತಳ್ಳುವವರಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದವರು ಬಹಳ. ಅವರ ಬೆನ್ನುಮೂಳೆಯ ಬೆಲೆಯ ಮುಂದೆ ಈ ಚಕ್ರದ ಖರ್ಚು ಏನೂ ಅಲ್ಲ. ಟ್ರೇಲರ್ ತಯಾರಕರೇ ಇದನ್ನು ಸೇರಿಸಿ ಕೊಡಬೇಕಿತ್ತು.

ಶೆಡ್ಡಿನ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಮಾತು ನಡೆದಿದೆ. ತಾವರೆಕೆರೆ ಕಡೆ ಬಾಡಿಗೆ ಕಡಿಮೆಯಂತೆ, ಆದರೆ ಅಷ್ಟು ದೂರಕ್ಕೆ ಇದೊಂದು ಚಕ್ರಕ್ಕಾಗಿ ಯಾರು ಟ್ರೇಲರ್ ಎಳೆದುಕೊಂಡು ಬರುತ್ತಾರೆ ಎಂದು ಮೇಸ್ತ್ರಿ ಕೇಳುತ್ತಾರೆ. ಕೆಲಸ ಕಲಿಯಲು ಸೇರಿದ್ದ ಹುಡುಗ ಈಗ ಡೆಲಿವರಿ ಬೈಕು ಓಡಿಸುತ್ತಿದ್ದಾನೆ.