ಬ್ಯಾಕ್ಟೀರಿಯದ ದಿಡ್ಡಿಬಾಗಿಲು

1959ನೆಯ ಇಸವಿಯಲ್ಲಿ ಕಲ್ಕತ್ತೆಯ ವೈದ್ಯವಿಜ್ಞಾನಿ ಶಂಭುನಾಥ ಡೇ ಅವರು ಒಂದು ಸರಳವಾದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಕಾಲರಾ ರೋಗದ ಬ್ಯಾಕ್ಟೀರಿಯಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಆ ದ್ರವವನ್ನು ಅತಿಸೂಕ್ಷ್ಮವಾದ ಶೋಧಕದಿಂದ ಸೋಸಿ, ಅದರಲ್ಲಿ ಒಂದು ಜೀವಿಯೂ ಉಳಿಯದಂತೆ ಅವರು ಮಾಡಿದ್ದರು. ಎರಡು ಕಡೆಯೂ ಬಿಗಿದು ಕಟ್ಟಿದ ಮೊಲದ ಕರುಳಿನ ಭಾಗದೊಳಕ್ಕೆ ಈ ತಿಳಿದ್ರವವನ್ನು ಸೇರಿಸಿದಾಗ, ಅದು ನೀರು ತುಂಬಿಕೊಂಡು ಊದಿತು. ಕಾಲರಾ ಹಿಡಿದ ಮನುಷ್ಯನ ಕರುಳಿನಲ್ಲಿ ಆಗುವುದೂ ಇದೇ. ರೋಗಾಣು ಇಲ್ಲ, ಆದರೂ ರೋಗದ ಲಕ್ಷಣ ಕಾಣಿಸಿಕೊಂಡಿತು! ಬ್ಯಾಕ್ಟೀರಿಯವು ತನ್ನೊಳಗೆ ತಯಾರಿಸಿದ ವಿಷವೊಂದು ಹೊರಬಂದು ದ್ರವದಲ್ಲಿ ಬೆರೆತಿತ್ತೆಂಬುದು ಇದರಿಂದ ಸ್ಪಷ್ಟವಾಯಿತು. ಆ ವಿಷವು ಒಂದು ಪ್ರೋಟೀನು ಎಂಬುದು ಅನಂತರ ತಿಳಿದುಬಂದಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪ್ರೋಟೀನು ಬಹು ದೊಡ್ಡ ಅಣು. ಬ್ಯಾಕ್ಟೀರಿಯವನ್ನು ಸುತ್ತುವರಿದ ಪೊರೆಯಾದರೋ ಅತಿ ಸಣ್ಣ ಅಯಾನುಗಳನ್ನೂ ಸುಲಭವಾಗಿ ದಾಟಗೊಡದು. ಹೀಗಿರುವಾಗ ಪ್ರೋಟೀನು ಹೊರಬಂದುದು ಹೇಗೆ?

ಪೊರೆ ಇಷ್ಟೊಂದು ಭದ್ರವಾಗಿರುವುದೇಕೆಂಬುದನ್ನು ಮೊದಲು ನೋಡೋಣ. ಇದು ಭೌತಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವಾದ ವಿಷಯವೇ. ಬ್ಯಾಕ್ಟೀರಿಯವು ಆಹಾರದಿಂದ ಪಡೆದ ಶಕ್ತಿಯನ್ನು ಬಳಸಿ ಹೈಡ್ರೊಜನ್ ಅಯಾನುಗಳನ್ನು ಪೊರೆಯ ಹೊರಕ್ಕೆ ನೂಕುತ್ತಿರುತ್ತದೆ. ಆದುದರಿಂದ ಒಳಗಡೆ ಋಣವಿದ್ಯುತ್ತು, ಹೊರಗಡೆ ಧನವಿದ್ಯುತ್ತು ನೆಲಸಿ, ಪೊರೆಯು ವಿದ್ಯುತ್ ತುಂಬಿದ ಕಂಡೆನ್ಸರಿನಂತೆ ಇರುತ್ತದೆ. ಇದರ ವಿಭವಾಂತರ ಒಂದು ವೋಲ್ಟಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಇದೇನು ಮಹಾ ಎನ್ನಬೇಡಿ. ಪೊರೆಯ ದಪ್ಪ ಸುಮಾರು 4 ನ್ಯಾನೋಮೀಟರ್. ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ನಾಲ್ಕು ಭಾಗ. 0.12 ವೋಲ್ಟನ್ನು ಈ ದಪ್ಪದಿಂದ ಭಾಗಿಸಿದರೆ, ಒಂದು ಮೀಟರಿಗೆ ಮೂರು ಕೋಟಿ ವೋಲ್ಟಿನಷ್ಟು ತೀವ್ರವಾದ ವಿದ್ಯುತ್ ಕ್ಷೇತ್ರ ದೊರೆಯುತ್ತದೆ. ಒಣಗಾಳಿಯಲ್ಲಿ ಕಿಡಿ ಹಾರಲು ಇದರ ಹತ್ತನೆಯ ಒಂದು ಪಾಲು ಸಾಕು.

ಹೊರಹೋದ ಅಯಾನುಗಳು ನಿಯತವಾದ ದಾರಿಯಲ್ಲಿ ಹಿಂದಿರುಗುವಾಗ, ಅಣೆಕಟ್ಟಿನ ನೀರು ಚಕ್ರವನ್ನು ತಿರುಗಿಸುವಂತೆ, ಜೀವಕೋಶಕ್ಕೆ ಬೇಕಾದ ಎಟಿಪಿ ಎಂಬ ಶಕ್ತಿದಾಯಕ ವಸ್ತುವನ್ನು ಉತ್ಪಾದಿಸುತ್ತವೆ. ಪೊರೆಯಲ್ಲಿ ಒಂದು ತೂತು ಬಿದ್ದು ಹಾಗೆಯೇ ಉಳಿದರೆ ಈ ಸಂಚಯವೆಲ್ಲ ಸೋರಿಹೋಗುತ್ತದೆ, ಜೀವಿ ಸಾಯುತ್ತದೆ. ಬಾಗಿಲು ತೆರೆಯಬೇಕು, ಆದರೆ ಸೋರಬಾರದು: ಇದೇ ಸಮಸ್ಯೆ.

ಇದಕ್ಕೆ ಪ್ರಕೃತಿ ಕಂಡುಕೊಂಡ ಉಪಾಯ ಪ್ರೋಟೀನಿನ ರಚನೆಯನ್ನು ಅವಲಂಬಿಸಿದೆ. ಪ್ರೋಟೀನು ಅಮೈನೋ ಆಮ್ಲಗಳೆಂಬ ಮಣಿಗಳ ಸರ. ತಯಾರಾದ ಬಳಿಕ ಅದು ಮಡಿಚಿಕೊಂಡು ಉಂಡೆಯಾಗುತ್ತದೆ. ದಾರದ ಉಂಡೆ ಸೂಜಿಯ ಕಣ್ಣಿನಲ್ಲಿ ತೂರದು. ಆದರೆ ಬಿಡಿಸಿದ ದಾರ ಎಷ್ಟೇ ಉದ್ದವಿದ್ದರೂ ತೂರುತ್ತದೆ. ಆದುದರಿಂದ ಸರವು ಉಂಡೆಯಾಗುವ ಮೊದಲೇ ಅದನ್ನು ಸಣ್ಣ ರಂಧ್ರವೊಂದರ ಮೂಲಕ ಎಳೆಯಾಗಿ ಸಾಗಿಸಬೇಕು.

ಆದರೆ ಯಾವ ಸರ ಹೊರಗೆ ಹೋಗತಕ್ಕದ್ದು, ಯಾವುದು ಒಳಗೆ ಉಳಿಯತಕ್ಕದ್ದು ಎಂಬುದನ್ನು ನಿರ್ಧರಿಸುವವರು ಯಾರು? ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಟಿನಿ ಅವರು 1971ರಲ್ಲಿ ಇದಕ್ಕೆ ಒಂದು ಉತ್ತರವನ್ನು ಊಹಿಸಿದರು: ಪ್ರೋಟೀನು ತನ್ನ ವಿಳಾಸವನ್ನು ತಾನೇ ಹೊತ್ತಿರುತ್ತದೆ. ಪ್ರಾಣಿಗಳ ಜೀವಕೋಶಗಳನ್ನು ಕುರಿತು ಹುಟ್ಟಿದ ಈ ಊಹೆಗೆ ಬ್ಲೋಬೆಲರೇ ಮುಂದೆ ಪ್ರಯೋಗಗಳ ಆಧಾರವನ್ನು ಒದಗಿಸಿದರು. 1999ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬ್ಯಾಕ್ಟೀರಿಯಗಳಲ್ಲಿಯೂ ಇದೇ ಏರ್ಪಾಡು ಇದೆ. ಹೊರಹೋಗುವ ಸರದ ಮೊದಲ ತುದಿಯಲ್ಲಿ ಸುಮಾರು ಇಪ್ಪತ್ತು ಮಣಿಗಳ ವಿಶೇಷ ಭಾಗವೊಂದಿರುತ್ತದೆ. ಅದರ ಆರಂಭದಲ್ಲಿ ಧನವಿದ್ಯುತ್ತುಳ್ಳ ಮಣಿಗಳು. ನಡುವೆ ನೀರನ್ನು ಒಲ್ಲದ, ಎಣ್ಣೆಯ ಸ್ವಭಾವದ ಮಣಿಗಳು. ಇದಕ್ಕೆ ಸಂಕೇತಭಾಗ ಎನ್ನೋಣ. ಸರವು ಪೊರೆಯನ್ನು ಸೇರಿದ ಮೇಲೆ ಇದರ ಕೆಲಸ ಮುಗಿಯಿತು. ಕಿಣ್ವವೊಂದು ಅದನ್ನು ಕತ್ತರಿಸಿಹಾಕುತ್ತದೆ.

ವಿಳಾಸವನ್ನು ಓದುವವರನ್ನು ಪತ್ತೆಹಚ್ಚಿದ ರೀತಿ ಇನ್ನೂ ಸ್ವಾರಸ್ಯವಾದುದು. ಬಾಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಜಾನ್ ಬೆಕ್‌ವಿತ್ ಮತ್ತು ಸಂಗಡಿಗರು ನಮ್ಮ ಕರುಳಿನಲ್ಲಿಯೂ ವಾಸಿಸುವ ಈ. ಕೋಲಿ ಎಂಬ ಬ್ಯಾಕ್ಟೀರಿಯವನ್ನು ಆರಿಸಿಕೊಂಡರು. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವೊಂದು ಅದರೊಳಗಿರುತ್ತದೆ. ಇದರ ಮುಂಭಾಗಕ್ಕೆ, ಹೊರಹೋಗುವ ಇನ್ನೊಂದು ಪ್ರೋಟೀನಿನ ಸಂಕೇತಭಾಗವುಳ್ಳ ತುಣುಕನ್ನು ಅವರು ಜೋಡಿಸಿದರು. ಕೋಶವು ಈ ಕಿಣ್ವವನ್ನು ಹೊರಗೆ ಕಳುಹಿಸಲು ಹವಣಿಸಿತು. ಅದು ಪೊರೆಯಲ್ಲಿ ಸಿಕ್ಕಿಕೊಂಡು ನಿರುಪಯೋಗಿಯಾಯಿತು. ಆದುದರಿಂದ ಹಾಲಿನ ಸಕ್ಕರೆಯೊಂದನ್ನೇ ಆಹಾರವಾಗಿ ಕೊಟ್ಟರೆ ಈ ಬ್ಯಾಕ್ಟೀರಿಯ ಬೆಳೆಯಲಾರದು. ಆದರೂ ಕೋಟ್ಯಂತರ ಜೀವಿಗಳಲ್ಲಿ ಎಲ್ಲೋ ಕೆಲವು ಬೆಳೆದವು. ಏಕೆ? ಅವುಗಳಲ್ಲಿ ಸಾಗಾಣಿಕೆಯೇ ಕೆಟ್ಟಿತ್ತು. ಕಿಣ್ವವು ಒಳಗೇ ಉಳಿದು ಸಕ್ಕರೆಯನ್ನು ಜೀರ್ಣಿಸುತ್ತಿತ್ತು. ಕೆಲವುಗಳಲ್ಲಿ ಸಂಕೇತಭಾಗ ಕೆಟ್ಟಿತ್ತು. ಮತ್ತೆ ಕೆಲವುಗಳಲ್ಲಿ ಬಾಗಿಲ ಕಾವಲುಗಾರನೇ ಕೆಟ್ಟಿದ್ದ. 1981ರಲ್ಲಿ ಹೀಗೆ ಬೆಳಕಿಗೆ ಬಂದ ಕಾವಲುಗಾರನೇ ಸೆಕ್-ಎ ಎಂಬ ಪ್ರೋಟೀನು. ಇದು ಕೆಟ್ಟ ಬ್ಯಾಕ್ಟೀರಿಯವು 30 ಡಿಗ್ರಿ ಉಷ್ಣತೆಯಲ್ಲಿ ಬದುಕುತ್ತಿತ್ತು. 42 ಡಿಗ್ರಿಗೆ ಏರಿಸಿದರೆ ಹೊರಹೋಗಬೇಕಾದ ಸರಗಳು ಒಳಗೆ ರಾಶಿಬಿದ್ದು, ಅದರ ಬೆಳವಣಿಗೆ ನಿಲ್ಲುತ್ತಿತ್ತು. ಬಾಗಿಲು ಜೀವಕ್ಕೆ ಎಷ್ಟು ಅಗತ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಈ ಸಾಗಾಣಿಕೆಯ ಚಿತ್ರ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಈ. ಕೋಲಿಯಲ್ಲಿ ಸೆಕ್-ಬಿ ಎಂಬ ಪ್ರೋಟೀನು ಸರವನ್ನು ಉಂಡೆಯಾಗಗೊಡದೆ ಹಿಡಿದು ತರುತ್ತದೆ. ಸೆಕ್-ಎ ಅದನ್ನು ಸ್ವೀಕರಿಸಿ, ಎಟಿಪಿಯ ಶಕ್ತಿಯನ್ನು ವೆಚ್ಚಮಾಡುತ್ತ ಪೊರೆಯಲ್ಲಿರುವ ಸೆಕ್-ವೈ ಎಂಬ ಕಾಲುವೆಯೊಳಕ್ಕೆ ಹಂತಹಂತವಾಗಿ ಸಾಗಿಸುತ್ತದೆ. ಪೊರೆಯ ವಿದ್ಯುತ್ ಸಂಚಯವೂ ಈ ಕೆಲಸಕ್ಕೆ ನೆರವಾಗುತ್ತದೆ.

ಸೋರಿಕೆಯ ಸಮಸ್ಯೆಗೆ ಉತ್ತರ ದೊರೆತುದು 2004ರಲ್ಲಿ. ಟಾಮ್ ರಾಪೊಪೋರ್ಟ್ ಮತ್ತು ಸಹೋದ್ಯೋಗಿಗಳು, ಬ್ಯಾಕ್ಟೀರಿಯಗಳ ದೂರದ ಬಂಧುವೆನ್ನಬಹುದಾದ ಆರ್ಕಿಯ ವರ್ಗದ ಜೀವಿಯೊಂದರ ಈ ಕಾಲುವೆಯನ್ನು ಹರಳುಗಟ್ಟಿಸಿ, ಎಕ್ಸ್ ಕಿರಣಗಳ ಸಹಾಯದಿಂದ ಅದರ ಆಕಾರವನ್ನು ಕಂಡುಹಿಡಿದರು. ಕಾಲುವೆಯ ಆಕಾರ ಡಮರುಗದಂತೆ, ನಡು ಸಣ್ಣದು. ಆ ನಡುವಿನಲ್ಲಿ ಎಣ್ಣೆಯ ಸ್ವಭಾವದ ಮಣಿಗಳ ಉಂಗುರವೊಂದಿದೆ. ಅದರ ಪಕ್ಕದಲ್ಲಿ ಪ್ರೋಟೀನಿನದೇ ಚಿಕ್ಕ ಸುರುಳಿಯೊಂದು ಬಿರಡೆಯಂತೆ ಕುಳಿತಿದೆ. ಸಂಕೇತಭಾಗವು ಕಾಲುವೆಯ ಪಕ್ಕದ ಗೋಡೆಯಲ್ಲಿ ನೆಲಸಿದಾಗ ಬಿರಡೆ ಸರಿಯುತ್ತದೆ. ಆಗ ಸಾಗುವ ಸರವೇ ರಂಧ್ರವನ್ನು ತುಂಬುತ್ತದೆ. ಉಂಗುರವು ನಲ್ಲಿಯ ವಾಷರಿನಂತೆ ಅದನ್ನು ಸುತ್ತುವರಿಯುತ್ತದೆ. ಸರ ದಾಟಿದೊಡನೆ ಬಿರಡೆ ಮರಳಿ ಬರುತ್ತದೆ. ಕೋಟೆಯ ಹೆಬ್ಬಾಗಿಲನ್ನು ಮುಚ್ಚಿದಾಗ ಒಬ್ಬೊಬ್ಬರನ್ನೇ ಬಿಡುವ ದಿಡ್ಡಿಬಾಗಿಲು ಇರುತ್ತಿತ್ತಷ್ಟೆ. ಇದು ಅದಕ್ಕಿಂತ ಕಟ್ಟುನಿಟ್ಟಾದುದು. ಇಲ್ಲಿ ಹೋಗುವವನೇ ಬಾಗಿಲಿಗೆ ಕದವಾಗುತ್ತಾನೆ!

ಈಗ ಕಾಲರಾ ವಿಷಕ್ಕೆ ಹಿಂದಿರುಗೋಣ. ಅದರಲ್ಲಿ ಎ ಎಂಬ ಒಂದು ಅಂಗ, ಬಿ ಎಂಬ ಐದು ಅಂಗಗಳು ಇವೆ. ಬಿ ಅಂಗವು ಹುಟ್ಟುವಾಗ 124 ಮಣಿಗಳ ಸರ. ದಾಟುವಾಗ 21 ಮಣಿಗಳ ಸಂಕೇತಭಾಗ ಕತ್ತರಿಸಿಹೋಗಿ 103 ಉಳಿಯುತ್ತವೆ. ಆದರೆ ಕಾಲರಾ ಬ್ಯಾಕ್ಟೀರಿಯಕ್ಕೆ ಹೊರಗಡೆ ಇನ್ನೊಂದು ಪೊರೆಯೂ ಇದೆ. ಎರಡು ಪೊರೆಗಳ ನಡುವಣ ಅವಕಾಶದಲ್ಲಿ ಸರಗಳು ಮಡಿಚಿಕೊಂಡು, ಒಂದುಗೂಡಿ, ಪೂರ್ಣವಾದ ವಿಷವಾಗುತ್ತವೆ. ಬಳಿಕ ಸುಮಾರು ಹನ್ನೆರಡು ಬಗೆಯ ಪ್ರೋಟೀನುಗಳಿಂದಾದ ಬೇರೊಂದು ಯಂತ್ರವು ಅದನ್ನು ಹೊರಪೊರೆಯ ದೊಡ್ಡ ದ್ವಾರದಿಂದ ಇಡಿಯಾಗಿಯೇ ಹೊರಕ್ಕೆ ಕಳುಹಿಸುತ್ತದೆ. ಹೊರಪೊರೆಯ ಇಕ್ಕೆಲಗಳಲ್ಲಿ ಅಂತಹ ವಿದ್ಯುತ್ ಸಂಚಯವಿಲ್ಲವಾದ್ದರಿಂದ ಅಲ್ಲಿ ದೊಡ್ಡ ದ್ವಾರ ಹಾನಿಕರವಲ್ಲ.

ಈ ಬಾಗಿಲು ವಿಷಕ್ಕೆ ಮಾತ್ರ ಮೀಸಲಾದುದಲ್ಲ. ಬಟ್ಟೆ ಒಗೆಯುವ ಪುಡಿಗಳಲ್ಲಿ ಬೆರೆಸುವ ಹಲವು ಕಿಣ್ವಗಳನ್ನು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಗಳು ಇದೇ ದಾರಿಯಲ್ಲಿ ಹೊರಬಿಡುತ್ತವೆ. ಮನುಷ್ಯನ ಬೆಳವಣಿಗೆಯ ಹಾರ್ಮೋನಿಗೆ ಸಂಕೇತಭಾಗವನ್ನು ಜೋಡಿಸಿ, ಈ. ಕೋಲಿಯ ಒಳಪೊರೆಯನ್ನು ದಾಟಿಸಿ ಪಡೆಯುವುದೂ ಸಾಧ್ಯವಾಗಿದೆ. ಬಾಗಿಲು ಓದುವುದು ವಿಳಾಸವನ್ನು ಮಾತ್ರ. ಹೊರಟಿರುವುದು ವಿಷವೋ ಔಷಧವೋ ಎಂಬುದನ್ನು ಅದು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು, ಆ ವಿಳಾಸವನ್ನು ಬರೆಯಲು ಕಲಿತಿರುವ ನಾವು.