ಸತ್ತರೆ ಹೂಹಾರ, ಉಳಿದರೆ ಯಾರ ಭಾರ?

ಶಾಲೆ ತೆರೆದ ಮೊದಲ ವಾರ. ನಮ್ಮ ಉಮದಿಯಲ್ಲಿ ಮಳೆಯ ಸುಳಿವಿಲ್ಲ, ಬಿಸಿಲಿನ ಝಳ ಇನ್ನೂ ಇಳಿದಿರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದ ಹುಡುಗಿಯೊಬ್ಬಳು ಚೀಲದ ತುಂಬ ಕಾಗದ ಹಿಡಿದು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಳು. ಹನ್ನೆರಡನೆಯ ತರಗತಿಯಲ್ಲಿ ನೂರಕ್ಕೆ 78 ಅಂಕ. ವಿಜಾಪುರದಲ್ಲಿ ನರ್ಸಿಂಗ್ ಕಲಿಯುವ ಆಸೆ. ಕಾಲು ಕಳೆದುಕೊಂಡ ತಂದೆಯ ಮಗ್ಗುಲಲ್ಲಿ ಆಸ್ಪತ್ರೆಯಲ್ಲಿ ಎರಡು ತಿಂಗಳು ಕುಳಿತವಳಿಗೆ ಆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ತಂದೆ ಹೋಂಗಾರ್ಡ್. ಗಣಪತಿ ವಿಸರ್ಜನೆಯ ಬಂದೋಬಸ್ತಿಗೆ ಹೋಗಿದ್ದವನು ರಾತ್ರಿ ಸರತಿ ಮುಗಿಸಿ ಮನೆಗೆ ಹೊರಟಿದ್ದ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಜೀಪು ಬಡಿದು ಜನ ಒದ್ದಾಡುತ್ತಿದ್ದರು. ಮೈಮೇಲೆ ಖಾಕಿ ಇನ್ನೂ ಇತ್ತು. ಇಬ್ಬರನ್ನು ಎಳೆದು ಹೊರಗೆ ಹಾಕಿ, ಬರುವ ಗಾಡಿಗಳಿಗೆ ಬ್ಯಾಟರಿ ತೋರಿಸುತ್ತ ನಡುರಸ್ತೆಯಲ್ಲಿ ನಿಂತ. ಹಿಂದಿನಿಂದ ಬಂದ ಲಾರಿ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ಇಲ್ಲದಂತೆ ಮಾಡಿತು. ಅವನು ಎಳೆದು ಹಾಕಿದ ಇಬ್ಬರೂ ಬದುಕಿದ್ದಾರೆ.

ಹುಡುಗಿ ತಂದ ಕಾಗದಗಳನ್ನು ಒಂದೊಂದಾಗಿ ನೋಡಿದೆ. ಕಚೇರಿಯೊಂದರಲ್ಲಿ "ಸರತಿ ಹತ್ತು ಗಂಟೆಗೆ ಮುಗಿದಿದೆ, ಅಪಘಾತ ಹತ್ತೂವರೆಗೆ ಆಗಿದೆ" ಎಂದು ಹೇಳಿ ಕಳಿಸಿದ್ದರಂತೆ. ಮತ್ತೊಂದು ಕಚೇರಿಯಲ್ಲಿ, ವಿದ್ಯಾರ್ಥಿವೇತನ ಇರುವುದು ಹುತಾತ್ಮರಾದವರ ಮಕ್ಕಳಿಗೆ ಎಂದರಂತೆ. ಅವಳು ನನ್ನನ್ನು ಕೇಳಿದ ಮಾತು ಇಷ್ಟೇ: "ಹಂಗಾದ್ರ ನಮ್ಮಪ್ಪ ಉಳಿದದ್ದ ತಪ್ಪಾತೇನ್ರಿ ಸರ?"

ಇಪ್ಪತ್ತು ವರ್ಷ ಪಾಠ ಹೇಳಿದ ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ಕಂಡದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಸೈನಿಕನಿಗೆ ಇದೆ

ನಮ್ಮ ದೇಶದಲ್ಲಿ ಇಂತಹ ನೆರವೇ ಇಲ್ಲವೆಂದಲ್ಲ. 1971ರ ಯುದ್ಧ ಮುಗಿದ ಮೇಲೆ, 1972ರಲ್ಲಿ, ಕೇಂದ್ರ ಸರಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಯುದ್ಧದಲ್ಲಿ ಮಡಿದ, ಕಾಣೆಯಾದ ಮತ್ತು ಅಂಗವಿಕಲರಾದ ಸೈನಿಕರ ಮಕ್ಕಳ ಶಾಲಾ ಕಾಲೇಜು ಶುಲ್ಕವನ್ನು ತಾನೇ ಹೊತ್ತಿತು. ಇಲ್ಲಿ 'ಅಂಗವಿಕಲ' ಎಂಬ ಮಾತನ್ನು ಗಮನಿಸಬೇಕು. ಬದುಕಿ ಬಂದವನನ್ನೂ ಅದು ಮರೆಯಲಿಲ್ಲ. 2017ರಲ್ಲಿ ಈ ನೆರವಿಗೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿದಾಗ ದೇಶದಾದ್ಯಂತ ಅಸಮಾಧಾನ ಎದ್ದಿತು. 2018ರಲ್ಲಿ ಸರಕಾರ ಆ ಮಿತಿಯನ್ನು ತೆಗೆದುಹಾಕಿತು.

2006-07ರಲ್ಲಿ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಆರಂಭವಾಯಿತು. ಮಾಜಿ ಸೈನಿಕರ ಮತ್ತು ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳವರ ಮಕ್ಕಳು ವೃತ್ತಿಶಿಕ್ಷಣ ಪಡೆಯಲೆಂದು ಇರುವ ಯೋಜನೆ ಇದು. ನೂರಕ್ಕೆ 60 ಅಂಕ ಇರಬೇಕು. 2019ರಲ್ಲಿ ಇದನ್ನು ಗಂಡುಮಕ್ಕಳಿಗೆ ತಿಂಗಳಿಗೆ 2,000ದಿಂದ 2,500 ರೂಪಾಯಿಗೂ ಹೆಣ್ಣುಮಕ್ಕಳಿಗೆ 2,250ರಿಂದ 3,000 ರೂಪಾಯಿಗೂ ಏರಿಸಿದರು. ರಾಜ್ಯ ಪೊಲೀಸರ ಮಕ್ಕಳಿಗೂ ಅದೇ ವರ್ಷ ಬಾಗಿಲು ತೆರೆಯಿತು. ಆದರೆ ವರ್ಷಕ್ಕೆ 500 ಮಂದಿಗೆ ಮಾತ್ರ, ಅದೂ ಭಯೋತ್ಪಾದಕರ ಅಥವಾ ನಕ್ಸಲರ ದಾಳಿಯಲ್ಲಿ ಹುತಾತ್ಮರಾದ ಪೊಲೀಸರ ಮಕ್ಕಳಿಗೆ.

ನಮ್ಮ ಹುಡುಗಿಯ ತಂದೆ ಸೈನಿಕನಲ್ಲ, ಕೇಂದ್ರ ಪಡೆಯವನಲ್ಲ, ಪೂರ್ಣಾವಧಿಯ ಪೊಲೀಸನೂ ಅಲ್ಲ. ಬಡಿದದ್ದು ಗುಂಡಲ್ಲ, ಲಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಅವನು ಸತ್ತಿಲ್ಲ.

ನೆನಪೆಲ್ಲ ಮಡಿದವರದೇ

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ 'ಫೋರ್ಟ್ ಸ್ಟಿಕಿನ್' ಹಡಗು ಸಿಡಿದು 66 ಮಂದಿ ಅಗ್ನಿಶಾಮಕರು ಮಡಿದರು. ಪ್ರತಿವರ್ಷ ಆ ದಿನದಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. 1959ರ ಅಕ್ಟೋಬರ್ 21ರಂದು ಲಡಾಖಿನಲ್ಲಿ 10 ಮಂದಿ ಪೊಲೀಸರು ಚೀನೀಯರ ಗುಂಡಿಗೆ ಬಲಿಯಾದರು. ಅಂದು ಪೊಲೀಸ್ ಹುತಾತ್ಮರ ದಿನ. ಇವೆಲ್ಲ ಬೇಕಾದ ಆಚರಣೆಗಳೇ. ನಮ್ಮ ಮಕ್ಕಳಿಗೆ ನಾನೇ ಇವುಗಳ ಪಾಠ ಹೇಳುತ್ತೇನೆ. ಆದರೆ ಆ ಬೆಂಕಿಯಲ್ಲಿ ಸುಟ್ಟ ಕೈಗಳೊಂದಿಗೆ ಬದುಕಿ ಉಳಿದವರಿಗೆ ಮೀಸಲಾದ ದಿನ ಯಾವುದು?

ಕೊರೋನಾ ಕಾಲದಲ್ಲೂ ಇದೇ ಆಯಿತು. 2020ರಲ್ಲಿ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಯ ವಿಮೆ ಬಂತು, ಮರಣ ಹೊಂದಿದರೆ. ಕೊರೋನಾ ಸೇವೆಯಲ್ಲಿ ಮಡಿದವರ ಮಕ್ಕಳಿಗೆಂದು ಆ ವರ್ಷ ಕೇಂದ್ರದ ಪಾಲಿನ 5 ಎಂ.ಬಿ.ಬಿ.ಎಸ್. ಸೀಟುಗಳನ್ನು ಇಟ್ಟರು. ಶ್ವಾಸಕೋಶ ಕೆಟ್ಟು ಮೂಲೆ ಹಿಡಿದವರ ಮಕ್ಕಳು ಅದರಲ್ಲಿ ಬರಲಿಲ್ಲ.

ಖಾಯಂ ನೌಕರರಿಗೆ ಒಂದು ಆಸರೆಯಿದೆ. ಸೇವೆಯಲ್ಲಿರುವಾಗ ಅಂಗವಿಕಲನಾದವನನ್ನು ಕೆಲಸದಿಂದ ತೆಗೆಯಬಾರದು, ದರ್ಜೆ ಇಳಿಸಬಾರದು, ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಎಂದು 1995ರ ಕಾಯಿದೆ ಹೇಳಿತ್ತು; 2016ರ ಕಾಯಿದೆಯೂ ಹೇಳುತ್ತದೆ. ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಕಚೇರಿಯ ಕಡತ ನೋಡಿಕೊಂಡಾದರೂ ಸಂಬಳ ತರುತ್ತಾನೆ. ಹೋಂಗಾರ್ಡಿಗೆ ಸಂಬಳ ಎಂಬುದೇ ಇಲ್ಲ. ಕರೆದ ದಿನಕ್ಕೆ ಭತ್ಯೆ, ಕರೆಯದ ದಿನಕ್ಕೆ ಹೊಲ. 1946ರಲ್ಲಿ ಮುಂಬಯಿಯಲ್ಲಿ ಈ ದಳ ಹುಟ್ಟಿದ್ದೇ ಸ್ವಯಂಸೇವೆಯ ಹೆಸರಿನಲ್ಲಿ. ಊರಿನ ಪೊಲೀಸ್ ಪಾಟೀಲನಿಗೆ ಗೌರವಧನ. 108ರ ಅಂಬುಲೆನ್ಸ್ ಚಾಲಕ ಕಂಪೆನಿಯ ಆಳು. ಹಳ್ಳಿಯಲ್ಲಿ ಬಾವಿಗೆ ಬಿದ್ದವರನ್ನು ಎತ್ತಲು, ಬಣವೆಗೆ ಹತ್ತಿದ ಬೆಂಕಿ ಆರಿಸಲು ಮೊದಲು ಓಡಿ ಬರುವವರು ಇವರೇ. ನೆರವಿನ ಪಟ್ಟಿಯಲ್ಲಿ ಕೊನೆಗೂ ಕಾಣದವರು ಸಹ ಇವರೇ.

ಗಡಿಯ ಗೋಡೆ ಬೇರೆ

ಕಾಸರಗೋಡಿನ ಓದುಗರಿಗೆ ನಮ್ಮ ಊರು ದೂರವಾದರೂ ನಮ್ಮ ಪಾಡು ಹೊಸದಲ್ಲ. 1967ರ ಮಹಾಜನ ವರದಿ ನಿಮ್ಮ ಚಂದ್ರಗಿರಿಯ ಉತ್ತರ ಭಾಗವನ್ನೂ ನಮ್ಮ ಜತ್ತ ತಾಲೂಕಿನ ಹಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದಿತ್ತು. ನೀವು ಕೇರಳದಲ್ಲೇ ಉಳಿದಿರಿ, ನಾವು ಮಹಾರಾಷ್ಟ್ರದಲ್ಲೇ ಉಳಿದೆವು. ಕರ್ನಾಟಕದ ಸಿ.ಇ.ಟಿ. ನಿಯಮಗಳಲ್ಲಿ 'ಗಡಿನಾಡ ಕನ್ನಡಿಗ' ಎಂಬ ಅಂಕಣದಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜಗಳ ಜೊತೆಗೆ ಕಾಸರಗೋಡು, ಮಂಜೇಶ್ವರ, ಹೊಸದುರ್ಗಗಳ ಹೆಸರೂ ಇದೆ. ಕನ್ನಡ ಭಾಷಾ ಪರೀಕ್ಷೆ ಬರೆದು ತೇರ್ಗಡೆಯಾದರೆ ನಮ್ಮ ನಿಮ್ಮ ಮಕ್ಕಳು ಅಲ್ಲಿ ಸೀಟಿಗೆ ಅರ್ಹರು.

ಸೀಟು ಸಿಕ್ಕೀತು, ಶುಲ್ಕದ ಗತಿ? ಮಹಾರಾಷ್ಟ್ರ ಸರಕಾರ 2024ರಿಂದ, ವಾರ್ಷಿಕ ವರಮಾನ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವ ಆರ್ಥಿಕವಾಗಿ ಮತ್ತು ಸಾಮಾಜಿಕವಾಗಿ ಹಿಂದುಳಿದ ಮನೆಗಳ ಹೆಣ್ಣುಮಕ್ಕಳ ವೃತ್ತಿಶಿಕ್ಷಣದ ಶುಲ್ಕವನ್ನು ಪೂರ್ತಿಯಾಗಿ ಭರಿಸುತ್ತಿದೆ. ಮೆಚ್ಚಬೇಕಾದ ಕೆಲಸ. ಆದರೆ ಆ ಹಣ ರಾಜ್ಯದ ಗಡಿ ದಾಟುವುದಿಲ್ಲ. ಉಮದಿಯಿಂದ ವಿಜಾಪುರ ಹತ್ತಿರ, ಸಾಂಗಲಿ ದೂರ. ಒಂದು ಕಾಲಿನ ತಂದೆಯನ್ನು ಬಿಟ್ಟು ಹುಡುಗಿ ದೂರ ಹೋದರೆ ಶುಲ್ಕ ಮಾಫಿ, ಹತ್ತಿರ ಉಳಿದರೆ ಪೂರ್ತಿ ಶುಲ್ಕ! ಊರಿನ ಮಗಳಿಗೆ ಸಿಗಬೇಕಾದ ನೆರವು ಕಾಲೇಜಿನ ವಿಳಾಸ ನೋಡಿ ನಿಲ್ಲುತ್ತದೆ.

ಬೇರೆಯವರು ಮಾಡಿದ್ದು

ಅಮೆರಿಕದಲ್ಲಿ 1996ರಲ್ಲಿ ಒಂದು ಕಾನೂನು ಬಂತು. ಕರ್ತವ್ಯದಲ್ಲಿ ಮಡಿದ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲರಾದ ಕೇಂದ್ರ ಪೊಲೀಸರ ಮಡದಿ ಮಕ್ಕಳಿಗೆ ಕಾಲೇಜು ಶಿಕ್ಷಣದ ನೆರವು ಸಿಗತೊಡಗಿತು. 1998ರಲ್ಲಿ ಅದನ್ನು ರಾಜ್ಯಗಳ ಪೊಲೀಸರಿಗೂ ಅಗ್ನಿಶಾಮಕರಿಗೂ ವಿಸ್ತರಿಸಿದರು. ಕೆಲವು ರಾಜ್ಯಗಳು ಇನ್ನೂ ಮುಂದೆ ಹೋಗಿ, ಗಾಯಗೊಂಡು ಕೆಲಸ ಬಿಟ್ಟವನೇ ಮತ್ತೆ ಓದಲು ಬಂದರೆ ಸರಕಾರಿ ಕಾಲೇಜುಗಳಲ್ಲಿ ಶುಲ್ಕ ಬಿಡುತ್ತವೆ. ಒಂದು ವೃತ್ತಿಗೆ ಮೈ ಒಲ್ಲೆ ಎಂದರೆ ಇನ್ನೊಂದನ್ನು ಕಲಿಯಲಿ ಎಂಬ ವಿವೇಕ ಅದು. ನಮ್ಮಲ್ಲಿ ನಾಸಿಕದಲ್ಲಿಯೂ ಮೈಸೂರಿನಲ್ಲಿಯೂ ಮುಕ್ತ ವಿಶ್ವವಿದ್ಯಾನಿಲಯಗಳಿವೆ. ಇಂಥವರ ಶುಲ್ಕ ಬಿಟ್ಟುಕೊಟ್ಟರೆ ಬೊಕ್ಕಸವೇನೂ ಬರಿದಾಗದು.

ನಾವು ಕೇಳುವುದು ದೊಡ್ಡದೇನಲ್ಲ. 1972ರಲ್ಲಿ ಸೈನಿಕರಿಗಾಗಿ ಬರೆದ ಆ ಒಂದು ಪದವನ್ನು ಪೊಲೀಸ್, ಅಗ್ನಿಶಾಮಕ, ಅಂಬುಲೆನ್ಸ್, ಹೋಂಗಾರ್ಡ್, ಪೊಲೀಸ್ ಪಾಟೀಲರ ಲೆಕ್ಕದಲ್ಲೂ ಬರೆಯಲಿ. ಗಡಿತಾಲೂಕುಗಳ ಮಕ್ಕಳಿಗೆ ನೆರವು ಪಕ್ಕದ ರಾಜ್ಯದ ಕಾಲೇಜಿಗೂ ಸಲ್ಲಲಿ. ಜೀವ ಉಳಿಸಲು ನಿಂತವನು ಗಡಿಯಾರ ನೋಡಿ ನಿಲ್ಲುವುದಿಲ್ಲ ಎಂಬುದನ್ನು ಕಚೇರಿಗಳು ಒಪ್ಪಿಕೊಳ್ಳಲಿ.

ಅಲ್ಲಿಯವರೆಗೆ ಇಂತಹ ಮನೆಯವರಿಗೆ ಒಂದು ಮಾತು. ಕರ್ತವ್ಯಕ್ಕೆ ಕರೆದ ಆದೇಶದ ಪ್ರತಿ, ಪೊಲೀಸ್ ಠಾಣೆಯ ಮೊದಲ ವರದಿ, ಆಸ್ಪತ್ರೆಯ ಕಾಗದ, ಅಂಗವಿಕಲತೆಯ ಪ್ರಮಾಣಪತ್ರ ಈ ನಾಲ್ಕನ್ನು ಜೋಪಾನವಾಗಿಡಿ. ನಮ್ಮ ಹುಡುಗಿಯ ಚೀಲದಲ್ಲಿ ಮೊದಲನೆಯದೇ ಇರಲಿಲ್ಲ. ಅದನ್ನು ಪಡೆಯಲು ನಾವು ಮೂರು ಸಲ ಓಡಾಡಬೇಕಾಯಿತು.

ಅವಳಿಗೆ ವಿಜಾಪುರದಲ್ಲಿ ಸೀಟು ಸಿಕ್ಕಿದೆ. ಎಮ್ಮೆ ಮಾರಿದ ಹಣ, ಸೋದರಮಾವ ಕೊಟ್ಟದ್ದು, ನಾವು ನಾಲ್ಕು ಜನ ಶಿಕ್ಷಕರು ಕೂಡಿಸಿದ್ದು ಸೇರಿ ಮೊದಲ ವರ್ಷದ ಶುಲ್ಕ ತುಂಬಿಯಾಯಿತು. ಇನ್ನು ಮೂರು ವರ್ಷ ಇವೆ, ಮನೆಯಲ್ಲಿ ಎಮ್ಮೆ ಇಲ್ಲ. ಮೊನ್ನೆ ಬಸ್ ನಿಲ್ದಾಣದಲ್ಲಿ ಅವಳನ್ನು ಕಳಿಸಲು ತಂದೆ ಊರುಗೋಲಿನ ಮೇಲೆ ಬಂದಿದ್ದ. ನನ್ನನ್ನು ಕಂಡು ನಕ್ಕು, "ಕಾಲ ಹೋದ್ರ ಹೋಗ್ಲಿರಿ ಸರ, ಅಕಿ ಕಲಿಯೂದು ನಿಂದರಬಾರ್ದು" ಎಂದ.