ಕಿಟಕಿಗೂ ಒಂದು ಹೊತ್ತು

ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಮನೆಗೆ ಬಿಸಿಲು ಬಡಿಯುವುದು ಮಧ್ಯಾಹ್ನ, ಮನೆಯವರಿಗೆ ಸೆಕೆ ತಟ್ಟುವುದು ರಾತ್ರಿ ಊಟವಾದ ಮೇಲೆ. ನಡುವೆ ಗೋಡೆ ಇದೆಯಲ್ಲ! ಒಂಬತ್ತಿಂಚಿನ ಇಟ್ಟಿಗೆ ಗೋಡೆಯನ್ನು ದಾಟಿ ಒಳಮೈಗೆ ಬರಲು ಬಿಸಿಗೆ ಆರೇಳು ಗಂಟೆ ಬೇಕು. ಮೂರು ಗಂಟೆಯ ಬಿಸಿಲು ಒಂಬತ್ತು–ಹತ್ತಕ್ಕೆ ಒಳಗೆ ಹಾಜರು. ಅಷ್ಟು ಹೊತ್ತಿಗೆ ನಾವು ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಿಕೊಂಡು ಕೂತಿರುತ್ತೇವೆ.

ಕೊಂಚ ಲೆಕ್ಕ ಹಾಕೋಣ. ಹತ್ತಡಿ ಉದ್ದ, ಹನ್ನೆರಡಡಿ ಅಗಲ, ಹತ್ತಡಿ ಎತ್ತರದ ಕೋಣೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನಮ್ಮೂರಿನಲ್ಲಿ ಅದರೊಳಗಿನ ಗಾಳಿಯ ತೂಕ 36 ಕಿಲೋ ಆಸುಪಾಸು. ಅದೇ ಕೋಣೆಯ ಹತ್ತಡಿಯ ಒಂದೇ ಒಂದು ಗೋಡೆ ಹೆಚ್ಚುಕಡಿಮೆ ನಾಲ್ಕು ಟನ್! ಒಂದು ಡಿಗ್ರಿ ತಣಿಯಬೇಕಾದರೆ ಗಾಳಿ ಬಿಟ್ಟುಕೊಡುವ ಶಾಖದ ಸುಮಾರು ತೊಂಬತ್ತು ಪಟ್ಟನ್ನು ಆ ಗೋಡೆ ಬಿಟ್ಟುಕೊಡಬೇಕು. ಎ.ಸಿ. ಹಾಕಿದ ಹತ್ತು ನಿಮಿಷಕ್ಕೆ ಕೋಣೆ ತಣ್ಣಗಾಯಿತು ಅನ್ನಿಸುತ್ತದೆ. ತಣ್ಣಗಾದದ್ದು ಗಾಳಿ ಮಾತ್ರ. ಗೋಡೆ ಬಿಸಿ ಕಾರುತ್ತಲೇ ಇರುತ್ತದೆ, ಕಂಪ್ರೆಸರ್ ಮತ್ತೆ ಮತ್ತೆ ಎದ್ದು ಓಡುತ್ತಲೇ ಇರುತ್ತದೆ. ಒಂದೂವರೆ ಟನ್ನಿನ ಎ.ಸಿ. ಓಡುವಾಗ ಎಳೆಯುವುದು ಸುಮಾರು 1,500 ವಾಟ್, ಹಳೆಯ ಸೀಲಿಂಗ್ ಫ್ಯಾನು 75. ಒಂದೇ ಕೋಣೆಗೆ ಇಪ್ಪತ್ತು ಫ್ಯಾನಿನ ಖರ್ಚು.

ಇತ್ತ ಹೊರಗೆ ತಂಪು ಪುಕ್ಕಟೆ ಬಿದ್ದಿರುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿನ ಸರಾಸರಿ ಗರಿಷ್ಠ ತಾಪ 34 ಡಿಗ್ರಿ, ಕನಿಷ್ಠ 22ರ ಸುತ್ತಮುತ್ತ. ಕಡಲ ಮಗ್ಗುಲಿನ ಚೆನ್ನೈಗೆ ಈ ಭಾಗ್ಯವಿಲ್ಲ; ಅಲ್ಲಿ ರಾತ್ರಿ ಕಿಟಕಿ ತೆಗೆದರೂ ಒಳಬರುವುದು ಸೆಕೆಯೇ. ಇಲ್ಲಿ ರಾತ್ರಿಯಿಡೀ ಗಾಳಿ ಆಡಿದರೆ ಗೋಡೆಯ ಬಿಸಿ ಬೆಳಗಾಗುವುದರೊಳಗೆ ಬಹುಪಾಲು ಇಳಿಯುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಕಿಟಕಿ ಹಾಕಿ ಪರದೆ ಎಳೆದುಬಿಟ್ಟರೆ ತಣಿದ ಗೋಡೆಯೇ ಮಧ್ಯಾಹ್ನದ ಝಳವನ್ನು ತಡೆದುಕೊಳ್ಳುತ್ತದೆ. ನಾವು ಮಾಡುವುದು ಇದರ ತಿರುಗುಮುರುಗು: ಸುಡುಬಿಸಿಲಲ್ಲಿ "ಗಾಳಿ ಬರಲಿ" ಎಂದು ತೆಗೆದಿಡುತ್ತೇವೆ, ಸಂಜೆ ಆರಕ್ಕೆ "ಸೊಳ್ಳೆ ಬರುತ್ತೆ, ಕಿಟಕಿ ಹಾಕಮ್ಮ" ಎನ್ನುತ್ತೇವೆ.

ಸೊಳ್ಳೆಯ ಜೊತೆಗೆ ಶಾಸ್ತ್ರವೂ ಸೇರಿಕೊಂಡಿದೆ. ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಹಾಕಬೇಕು, ಇಲ್ಲದಿದ್ದರೆ ಲಕ್ಷ್ಮಿ ಹೊರಟುಬಿಡುತ್ತಾಳೆ. ಆದರೆ ಹೋಗಲು ದಾರಿಯಿಲ್ಲದ ಕಡೆ ಗಾಳಿ ಬರುವುದೂ ಇಲ್ಲ. (ಹಿಂಬಾಗಿಲಲ್ಲಿ ತಡೆದ ಲಕ್ಷ್ಮಿ ಕರೆಂಟ್ ಬಿಲ್ಲಿನಲ್ಲಿ ಹೋದಳೋ ಏನೋ, ಅವರವರೇ ನೋಡಿಕೊಳ್ಳಬೇಕು.)

ಹಳೇ ಬೆಂಗಳೂರು ಗಾಳಿಗೆ ದಾರಿ ಬಿಟ್ಟೇ ಕಟ್ಟಿತ್ತು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿ–ಬೆಳಕಿನದೇ ಯೋಚನೆ. ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ ಕಕ್ಕಸು ಬಳಿಯುವವರು ಬಂದುಹೋಗಲೆಂದು ಬಿಟ್ಟದ್ದು. ಹಿಂದಿನ ಕಿಟಕಿಗೂ ಅದರಿಂದ ಒಂದಿಷ್ಟು ಬಯಲು ಸಿಕ್ಕಿತು. ಈ ಬಡಾವಣೆಗಳಲ್ಲೂ ಚಾಮರಾಜಪೇಟೆಯಲ್ಲೂ ಉಳಿದಿರುವ ಹಳೇ ಕಿಟಕಿಗಳನ್ನು ಹತ್ತಿರ ಹೋಗಿ ನೋಡಿ: ಮೇಲೆ ಎರಡು, ಕೆಳಗೆ ಎರಡು ಪುಟ್ಟ ಕದ, ಹಿಂದೆ ಕಬ್ಬಿಣದ ಸರಳು. ಕೆಳಗಿನವನ್ನು ಹಾಕಿದರೆ ಬೀದಿಯವರ ಕಣ್ಣಿಗೆ ಮರೆ, ಮೇಲಿನವನ್ನು ತೆಗೆದರೆ ಗಾಳಿ. ಮೇಲೆ ಮಂಕಿ ಟಾಪ್ ಎಂಬ ಮರದ ಚಾಚುಸೂರು ಇದ್ದರೆ ಏಪ್ರಿಲ್ಲಿನ ಸಂಜೆಮಳೆಗೂ ಮುಚ್ಚಬೇಕಾಗಿಲ್ಲ. ಸೂರಿನ ಕೆಳಗೆ ಹಗ್ಗ ಎಳೆದರೆ ತೆರೆದುಕೊಳ್ಳುವ ವೆಂಟಿಲೇಟರ್. ಬಿಸಿಗಾಳಿ ಅದರಿಂದ ಹೊರಬಿದ್ದಷ್ಟೂ ಕೆಳಗಿನ ಕಿಟಕಿಯಿಂದ ತಂಪುಗಾಳಿ ಒಳಗೆ.

ಅಂಥ ಮನೆ ಕೆಡವಿ ಕಟ್ಟಿದ ಫ್ಲಾಟಿಗೆ ಸ್ಲೈಡಿಂಗ್ ಕಿಟಕಿ. ನೋಡಲು ಚೆಂದ, ಆದರೆ ಎಷ್ಟೇ ಸರಿಸಿದರೂ ಅರ್ಧ ಮುಚ್ಚಿಯೇ ಇರುತ್ತದೆ. ಕೇಂದ್ರ ಸರ್ಕಾರದ 2018ರ 'ಇಕೋ ನಿವಾಸ್ ಸಂಹಿತಾ' ಇದನ್ನು ಗಮನಿಸಿದೆ: ಕದದ ಕಿಟಕಿಯ ಶೇ. 90 ಭಾಗವನ್ನು ತೆರೆದ ಜಾಗವೆಂದು ಎಣಿಸಿದರೆ, ಎರಡು ಗಾಜಿನ ಸ್ಲೈಡಿಂಗ್‌ನಲ್ಲಿ ಶೇ. 50 ಮಾತ್ರ. ಬೆಂಗಳೂರಿನಂಥ ಹಿತಮಿತ ಹವೆಯ ಊರಿನ ಮನೆಗೆ ನೆಲದ ವಿಸ್ತೀರ್ಣದ ಶೇ. 12.5ರಷ್ಟಾದರೂ ತೆರೆಯುವ ಜಾಗ ಬೇಕೆನ್ನುತ್ತದೆ ಅದು.

ಜಾಗವಿದ್ದರಾಯಿತೇ, ತೆಗೆಯುವ ಕೈ ಬೇಡವೇ? 1970ರ ದಶಕದಲ್ಲಿ ಪ್ರಿನ್ಸ್‌ಟನ್ನಿನ ಸಂಶೋಧಕರು ನ್ಯೂಜೆರ್ಸಿಯ ಟ್ವಿನ್ ರಿವರ್ಸ್‌ನಲ್ಲಿ ಒಂದೇ ನಕ್ಷೆಯ ಸಾಲುಮನೆಗಳನ್ನು ಅಳೆದರು. ಮನೆ ಬೆಚ್ಚಗಿಡಲು ಒಬ್ಬರು ಉರಿಸಿದ ಗ್ಯಾಸಿನ ಎರಡು ಪಟ್ಟನ್ನು ಇನ್ನೊಬ್ಬರು ಉರಿಸುತ್ತಿದ್ದರು. ಒಕ್ಕಲು ಬದಲಾದಾಗ ಅದೇ ಮನೆಯ ಖರ್ಚೂ ಬದಲಾಯಿತು. ಮನೆಯಷ್ಟೇ ಅಲ್ಲ, ಇರುವವರ ರೂಢಿಯೂ ಲೆಕ್ಕಕ್ಕೆ ಬರುತ್ತದೆ.

ಸೊಳ್ಳೆಗೆ ಜಾಲರಿ ಹಾಕಿಸಿ, ರಾತ್ರಿ ಎದುರುಬದುರಿನ ಎರಡು ಕಿಟಕಿ ತೆರೆದಿಡುವುದು ಸುಲಭದ ದಾರಿ. ಜಾಲರಿಯಿಂದ ಗಾಳಿಯ ವೇಗ ತಗ್ಗುವುದು ನಿಜ. ಗಾಳಿಯಾಡದ ರಾತ್ರಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಹಾಕಿಕೊಳ್ಳಬಹುದು. ರಸ್ತೆಯ ಧೂಳು ಮಾತ್ರ ಕೆಲವೇ ವಾರಗಳಲ್ಲಿ ಜಾಲರಿಯ ಸಣ್ಣ ಕಣ್ಣುಗಳನ್ನು ಮೆತ್ತಿಬಿಡುತ್ತದೆ. ಆಗಾಗ ಹಳೇ ಬ್ರಷ್ ಹಿಡಿದು ಉಜ್ಜುತ್ತಿರಬೇಕು.